ನೀರು ಕೇಳದ ಮಧ್ಯಾಹ್ನ

"ಅಮ್ಮಾ, ತಲೆ ಅಲ್ಲಾಡಿಸಬೇಡಿ ಅಂತ ಹೇಳಿದ್ದು ಆಗಲೇ ಮರೆತುಬಿಟ್ರಾ?"

ಕಾಂಪೌಂಡರ್ ಷಣ್ಮುಖಪ್ಪ ಹೀಗೆ ಗದರಿದಾಗ ಶಿವನಂಜಮ್ಮ ನಿಜವಾಗಿಯೂ ಮರೆತಿದ್ದಳು. ಆ ಗಳಿಗೆಯಲ್ಲಿ ಅವಳಿಗೆ ಕಂಪಲಾಪುರದ ಮನೆಯ ಹುಣಸೆಹಣ್ಣಿನ ಯೋಚನೆ ಬಂದಿತ್ತು. ಈ ಸಲದ ಹಣ್ಣನ್ನು ಬೀಜ ಬಿಡಿಸಿ, ಉಪ್ಪು ಹಾಕಿ, ಗುಡಾಣಕ್ಕೆ ತುಂಬುವ ಮೊದಲೇ ಹುಣಸೂರಿಗೆ ಕಣ್ಣಿನ ಡಾಕ್ಟರು ಬಂದುಬಿಟ್ಟಿದ್ದರು. ಸೊಸೆ ಮಂಗಳಗೌರಿಗೆ ಉಪ್ಪಿನ ಅಳತೆ ಗೊತ್ತಿಲ್ಲ. ಅದನ್ನು ಜೊತೆಗೆ ಬಂದವಳಿಗೆ ಹೇಳೋಣವೆಂದು ಪಕ್ಕಕ್ಕೆ ಹೊರಳಲು ಹೋಗಿದ್ದಳು.

"ಉಪ್ಪು ಕಮ್ಮಿ ಆದ್ರೆ ಉಳ ಬೀಳ್ತದೆ ಕಣಪ್ಪ," ಎಂದಳು, ಕಾಂಪೌಂಡರಿಗೆ.

"ನಿಮ್ಮ ಕಣ್ಣು ಕೆಟ್ರೆ ಹುಳ ಬಿದ್ದಿದ್ದೂ ಕಾಣಲ್ಲ, ಸುಮ್ನೆ ಮಲಗಿ," ಎಂದು ಷಣ್ಮುಖಪ್ಪ ಅವಳ ತಲೆಯ ಎರಡೂ ಪಕ್ಕದ ಮರಳು ಚೀಲಗಳನ್ನು ಒತ್ತಿ ಸರಿಮಾಡಿ ಮುಂದಿನವರ ಹತ್ತಿರ ಹೋದ.

ಹುಣಸೂರಿನ ಛತ್ರದ ಉದ್ದನೆಯ ಹಜಾರದಲ್ಲಿ ಹುಲ್ಲು ಹಾಸಿ, ಮೇಲೆ ಚಾಪೆ ಹಾಕಿ ಹೆಂಗಸರನ್ನು ಸಾಲಾಗಿ ಮಲಗಿಸಿದ್ದರು. ಗಂಡಸರು ಆಚೆ ಕೋಣೆಯಲ್ಲಿ. ಪೊರೆ ತೆಗೆದದ್ದು ಒಂದೇ ಕಣ್ಣಿಗಾದರೂ ಎಲ್ಲರಿಗೂ ಎರಡು ಕಣ್ಣಿಗೂ ಪಟ್ಟಿ ಕಟ್ಟಿತ್ತು. ಪಟ್ಟಿ ಬಿಚ್ಚುವವರೆಗೆ ತಲೆ ಆಡಿಸಬಾರದು, ಕೆಮ್ಮಬಾರದು, ಏನನ್ನೂ ಅಗಿಯಬಾರದು, ಗಟ್ಟಿಯಾಗಿ ಮಾತಾಡಬಾರದು, ಏನೇ ಆದರೂ ಅಳಬಾರದು ಎಂದು ಡಾಕ್ಟರು ಪ್ರತಿಯೊಬ್ಬರಿಗೂ ಹೇಳಿದ್ದರು. ಒಬ್ಬೊಬ್ಬರ ಜೊತೆ ಮನೆಯವರು ಒಬ್ಬರು ಇರಬಹುದಿತ್ತು.

ಶಿವನಂಜಮ್ಮನ ಜೊತೆ ಬಂದಿದ್ದವಳು ಅವಳ ವಾರಗಿತ್ತಿ ಪುಟ್ಟಮಲ್ಲಮ್ಮ, ಮೈದುನನ ಹೆಂಡತಿ. ಮೈದುನ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳನ್ನೇ ಕರೆದುಕೊಂಡು ಬಂದದ್ದಕ್ಕೆ ಬೇರೇನೂ ಕಾರಣವಿರಲಿಲ್ಲ. ಗಂಡ ಚಿಕ್ಕಬಸಪ್ಪನಿಗೆ ಮಳಿಗೆ ಬಿಟ್ಟು ಬರಲಾಗದು. ಮಗ ನೀಲಕಂಠಸ್ವಾಮಿಗೆ ಕಣದಲ್ಲಿ ರಾಗಿ ಇನ್ನೂ ಉಳಿದಿತ್ತು. ಮಂಗಳಗೌರಿಯ ಕಂಕುಳಲ್ಲಿ ಎಳೆ ಮಗು. ಮನೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ ಎನ್ನಬಹುದಾದವಳು ಪುಟ್ಟಮಲ್ಲಮ್ಮ ಒಬ್ಬಳೇ ಎಂದು ಶಿವನಂಜಮ್ಮನೇ ತೀರ್ಮಾನ ಮಾಡಿದ್ದಳು. ಅದನ್ನು ಪುಟ್ಟಮಲ್ಲಮ್ಮನ ಎದುರಿಗೇ ಹೇಳಿಯೂ ಇದ್ದಳು.

ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಶಿವನಂಜಮ್ಮ ಅದನ್ನು ಯಾರಿಗೂ ಹೇಳದೆ ಕೈ ಅಂದಾಜಿನಲ್ಲಿ, ಕಿವಿ ಅಂದಾಜಿನಲ್ಲಿ ಮನೆ ನಡೆಸಿದ್ದಳು. ಮೊಸರಿನ ಗಡಿಗೆ ಎಲ್ಲಿದೆ, ಹುರುಳಿ ಎಲ್ಲಿದೆ, ಯಾವ ಹಸು ಯಾವ ಗೂಟದಲ್ಲಿದೆ ಎಂಬುದೆಲ್ಲ ಅವಳ ತಲೆಯಲ್ಲೇ ಇತ್ತು. ಆದರೆ ಸಂಕ್ರಾಂತಿಯ ಮಾರನೆಯ ದಿನ ನಡುಮನೆಯಲ್ಲಿ ಅಂಬೆಗಾಲಿಡುತ್ತಿದ್ದ ಮೊಮ್ಮಗನ ಅಂಗೈ ಮೇಲೆ ಕಾಲಿಟ್ಟುಬಿಟ್ಟಳು. ಮಗು ಕಿರುಚಿದ ಸದ್ದಿಗೆ ಮಳಿಗೆಯಿಂದ ಚಿಕ್ಕಬಸಪ್ಪ ಓಡಿಬಂದ. ಆಮೇಲೆ ಅವಳಿಗೆ ಕಣ್ಣು ತೋರಿಸಲು ಬರುವುದಿಲ್ಲ ಎನ್ನಲಾಗಲಿಲ್ಲ.

ಛತ್ರಕ್ಕೆ ಬಂದ ಮೇಲೂ ಅವಳ ಮನಸ್ಸು ಕಂಪಲಾಪುರದಲ್ಲೇ ಓಡಾಡುತ್ತಿತ್ತು. ಮನೆಯಲ್ಲಿ ಬೆಳಗಿನ ಲಿಂಗಪೂಜೆಗೆ ಕೂತಾಗಲೂ ಅವಳು ಹಾಗೇ. ಅಂಗೈಯಲ್ಲಿ ಲಿಂಗ, ಬಾಯಲ್ಲಿ ಶಿವನಾಮ, ನಡುವೆ "ಲೇ, ಆಲು ಉಕ್ಕಿ ಬತ್ತದೆ, ಉರಿ ತಗಿ" ಎಂಬ ಕೂಗು. ಅದನ್ನು ಕೇಳಿ ಕೇಳಿ ಮನೆಯವರಿಗೆ ಮಂತ್ರದಲ್ಲಿ ಹಾಲೂ ಸೇರಿದೆ ಅನ್ನಿಸಿಬಿಟ್ಟಿತ್ತು. ಇಲ್ಲಿ ಬೆಳಗ್ಗೆ ಪುಟ್ಟಮಲ್ಲಮ್ಮ ಒದ್ದೆ ಬಟ್ಟೆಯಿಂದ ಅವಳ ಕೈಕಾಲು ಒರೆಸಿ, ಲಿಂಗ ತೊಳೆದು ಅಂಗೈ ಮೇಲಿಡುತ್ತಿದ್ದಳು. ಮಲಗಿದಲ್ಲೇ ಪೂಜೆ. ಎರಡು ಸಲ ಶಿವಶಿವಾ ಎನ್ನುವಷ್ಟರಲ್ಲಿ ಶಿವನಂಜಮ್ಮ ಕೇಳುತ್ತಿದ್ದಳು:

"ಕರೀ ಅಸೂಗೆ ಇಂಡಿ ಇಟ್ಟವ್ರೋ ಇಲ್ವೋ?"

"ನಾನು ಇಲ್ಲೇ ಇವ್ನಿ ಕಣಕ್ಕಾ, ನಂಗೆಂಗೆ ಗೊತ್ತಾಗ್ಬೇಕು?"

"ನೀನು ಮನೇಲಿದ್ರೂ ಅಷ್ಟೇ. ನಾನು ಬಾಯ್ಬಿಟ್ಟು ಏಳೋವರ್ಗೂ ನಿಂಗೇನು ಗೊತ್ತಾಗ್ತಿತ್ತು?"

"ಸುಮ್ಕಿರಿ ಅಕ್ಕಾ, ಮಾತಾಡ್ಬಾರ್ದು ಅಂದವ್ರೆ. ಗಂಜಿ ಆರ್ತಾ ಐತೆ, ಬಾಯಿ ತಗೀರಿ."

ಗಂಜಿ ನೀರಾಗಿದೆ ಎಂದು ಒಂದು ಸಲ, ಉಪ್ಪು ಮುಂದಾಗಿದೆ ಎಂದು ಇನ್ನೊಂದು ಸಲ ಶಿವನಂಜಮ್ಮ ತಪ್ಪು ಹಿಡಿಯುತ್ತಿದ್ದಳು. ಪುಟ್ಟಮಲ್ಲಮ್ಮ ಅದಕ್ಕೆ ಎದುರು ಹೇಳುತ್ತಿರಲಿಲ್ಲ. ಒಂದೊಂದೇ ಚಮಚ ಕುಡಿಸಿ, ಗಲ್ಲದ ಮೇಲೆ ಹರಿದದ್ದನ್ನು ಸೆರಗಿನಲ್ಲಿ ಒರೆಸಿ, ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಪಕ್ಕದ ಹಾಸಿಗೆಯಲ್ಲಿ ಕಟ್ಟೆಮಳಲವಾಡಿಯ ಒಬ್ಬ ಮುದುಕಿ. ಅವಳ ಜೊತೆಗಿದ್ದವಳು ಮಗಳು ಸುನಂದಮ್ಮ, ಮಾತಿನ ಹೆಂಗಸು. ಆಚೆ ಈಚೆ ಓಡಾಡಿ ಸುದ್ದಿ ತರುತ್ತಿದ್ದಳು. ಒಂದು ಬೆಳಗ್ಗೆ ಅವಳು ತಂದ ಸುದ್ದಿ ಇಡೀ ಹಜಾರವನ್ನು ತಣ್ಣಗಾಗಿಸಿತು. ಗಂಡಸರ ಕೋಣೆಯಲ್ಲಿ ಚಲುವಯ್ಯ ಅನ್ನುವ ಮುದುಕರು ನಿದ್ದೆಗಣ್ಣಿನಲ್ಲಿ ಎದ್ದು ಕೂತುಬಿಟ್ಟರಂತೆ. ಹೊಲಿಗೆ ಬಿಟ್ಟುಹೋಗಿ ಕಣ್ಣು ಹಾಳಾಯಿತಂತೆ. ಡಾಕ್ಟರು ಬಂದು ನೋಡಿ, ಇನ್ನೇನೂ ಮಾಡುವ ಹಾಗಿಲ್ಲ ಎಂದು ಸುಮ್ಮನೆ ಅವರ ಪಕ್ಕದಲ್ಲೇ ಕೂತಿದ್ದರಂತೆ.

ಅವತ್ತು ಶಿವನಂಜಮ್ಮ ಮೊದಲ ಸಲ ಹೆದರಿದಳು. ಹೊರಳಬಾರದು ಎಂದುಕೊಂಡಷ್ಟೂ ಕತ್ತಿನಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಎಚ್ಚರವಿದ್ದಾಗ ಹೇಗೋ ತಡೆಯಬಹುದು, ನಿದ್ದೆಯಲ್ಲಿ ಏನು ಮಾಡುವುದು? ಮನೆಯಲ್ಲಿ ಅವಳು ನಿದ್ದೆಯಲ್ಲೂ ಕೆಲಸ ಹೇಳುತ್ತಾಳೆ, ತಲೆ ಆಡಿಸುತ್ತಾಳೆ ಎಂದು ಚಿಕ್ಕಬಸಪ್ಪ ಹಾಸ್ಯ ಮಾಡುವುದಿತ್ತು. ಆದರೂ ಇಷ್ಟು ದಿನ ಏನೂ ಆಗಿರಲಿಲ್ಲ. ಮರಳು ಚೀಲ ಗಟ್ಟಿಯಾಗಿದೆ, ಶಿವ ದೊಡ್ಡವನು ಎಂದುಕೊಂಡಳು.

ಅದೇ ದಿನ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಅವಳಿಗೆ ಬಾಯಾರಿಕೆಯಾಯಿತು.

"ಪುಟ್ಟಮಲ್ಲೀ," ಎಂದಳು.

ಉತ್ತರ ಬರಲಿಲ್ಲ.

"ಪುಟ್ಟಮಲ್ಲೀ, ವಸಿ ನೀರು ಕೊಡು."

ಆಗಲೂ ಇಲ್ಲ. ಶಿವನಂಜಮ್ಮನಿಗೆ ಸಿಟ್ಟು ಬಂತು. ಬಾವಿಕಟ್ಟೆಯಲ್ಲಿ ಯಾರ ಜೊತೆಯೋ ಮಾತಿಗೆ ಕೂತಿರಬೇಕು. ಕುರುಡಿಯ ಹಾಗೆ ಬಿದ್ದಿರುವವಳನ್ನು ಬಿಟ್ಟು ಹೋಗುವುದೆಂದರೆ! ಬರಲಿ, ಕೇಳುತ್ತೇನೆ. ಇನ್ನೂ ಗಟ್ಟಿಯಾಗಿ ಕರೆಯಲು ಉಸಿರು ಎಳೆದುಕೊಂಡಾಗ ಪಕ್ಕದಿಂದ ಸುನಂದಮ್ಮನ ಪಿಸುಮಾತು ಕೇಳಿಸಿತು.

"ಕೂಗ್ಬೇಡಿ ಅವ್ವಾ. ಅವ್ರು ಇಲ್ಲೇ ಅವ್ರೆ, ನಿಮ್ಮ ತಲೆದೆಸೇಲಿ. ಕಂಬಕ್ಕೆ ಒರಗಿ ಅಂಗೇ ನಿದ್ದೆ ಓಗ್ಬುಟ್ಟವ್ರೆ."

"ಅಗಲೊತ್ತಲ್ಲಿ ನಿದ್ದೆಯಾ?"

"ರಾತ್ರಿ ಮಲಗುದ್ರೆ ತಾನೆ! ನಿಮ್ಗೆ ಗೊತ್ತಿಲ್ವಾ?" ಸುನಂದಮ್ಮನಿಗೆ ಆಶ್ಚರ್ಯವಾಗಿತ್ತು. "ನೀವು ನಿದ್ದೇಲಿ ಅತ್ಲಾಗಿತ್ಲಾಗೆ ತಲೆ ಆಡಿಸ್ತೀರಿ. ಆ ಚೀಲ ಎಲ್ಲಿ ನಿಲ್ತದೆ? ಬಂದ ದಿನದಿಂದ ರಾತ್ರಿಯೆಲ್ಲ ನಿಮ್ಮ ತಲೆದೆಸೇಲಿ ಕೂತ್ಕಂಡು, ಎರಡು ಕೈಲೂ ಇಂಗೆ ಕೆನ್ನೆ ಇಡ್ಕಂಡಿರ್ತಾರೆ. ನಾನು ಎದ್ದಾಗೆಲ್ಲ ನೋಡಿವ್ನಿ. ವಸಿ ಒತ್ತು ನಾನು ಇಡ್ಕತೀನಿ, ನೀವು ಮಲಗಿ ಅಂದೆ. ಬ್ಯಾಡ ಕಣವ್ವ, ಅಕ್ಕಂಗೆ ಬ್ಯಾರೆ ಕೈ ಆದ್ರೆ ಎಚ್ಚರ ಆಗ್ಬುಡ್ತದೆ ಅಂದ್ರು. ನೀರು ನಾನು ಕೊಡ್ಲಾ?"

ಶಿವನಂಜಮ್ಮ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಆಮೇಲೆ, "ಬ್ಯಾಡ. ಲೋಟ ಗೀಟ ಸದ್ದಾದಾತು," ಎಂದಳು.

ಸುನಂದಮ್ಮ ತನ್ನ ತಾಯಿಯ ಕಡೆ ತಿರುಗಿರಬೇಕು, ಬಳೆಯ ಸದ್ದು ದೂರವಾಯಿತು. ಶಿವನಂಜಮ್ಮ ಮಲಗಿದ್ದಳು. ಈಗ ಅವಳಿಗೆ ತನ್ನ ತಲೆಯ ಹಿಂದೆ ಉಸಿರು ಕೇಳಿಸಿತು. ಇಷ್ಟು ಹೊತ್ತೂ ಅದು ಅಲ್ಲೇ ಇತ್ತು. ನಿಧಾನವಾದ ಉಸಿರು, ನಡುನಡುವೆ ಮೂಗಿನಲ್ಲಿ ಸಣ್ಣ ಸೀಟಿಯ ಹಾಗೆ ಸದ್ದು.

ಇವಳು ಏಳುವವರೆಗೂ ನಾನೇ ತಲೆ ನೋಡಿಕೊಳ್ಳಬೇಕು ಎಂದುಕೊಂಡಳು. ಕಷ್ಟದ ಕೆಲಸವೇನಲ್ಲ ಎಂದು ತೋರಿತು. ಆದರೆ ಒಂದು ಗಳಿಗೆಯಲ್ಲೇ ಕತ್ತು ಕಡಿಯತೊಡಗಿತು. ತಲೆಯೊಳಗೆ ಎಂದಿನ ಸಂತೆ ನೆರೆಯಿತು. ಹುಣಸೆಹಣ್ಣು, ಕರೀ ಹಸು, ಕಣದ ರಾಗಿ, ಅಟ್ಟದ ಮೇಲೆ ಇಲಿ, ಬೆಣ್ಣೆ ಕಾಯಿಸಿದರೋ ಇಲ್ಲವೋ, ಶಿವರಾತ್ರಿಗೆ ಗೋಡೆಗೆ ಸುಣ್ಣ. ಒಂದೊಂದು ನೆನಪಾದಾಗಲೂ ಕತ್ತು ತಾನಾಗಿ ಆ ಕಡೆ ತಿರುಗಲು ಹೋಗುವುದು ಅವಳಿಗೆ ತಿಳಿಯಿತು. ಅಟ್ಟ ನೆನೆದರೆ ಗಲ್ಲ ಮೇಲಕ್ಕೆ, ಹಸು ನೆನೆದರೆ ಬಲಕ್ಕೆ. ಓ, ಹೀಗೋ ನಾನು ತಲೆ ಆಡಿಸುವುದು, ಎಂದು ನಗು ಬಂತು. ನಗಲೂಬಾರದು.

ಅವಳು ಹಸುವನ್ನು ಬಿಟ್ಟಳು. ಇವತ್ತು ಹಿಂಡಿ ಇಟ್ಟರೂ ಸರಿ, ಇಡದಿದ್ದರೂ ಸರಿ. ಅಟ್ಟವನ್ನು ಬಿಟ್ಟಳು. ಇಲಿ ತಿಂದರೆ ತಿನ್ನಲಿ. ಹುಣಸೆಹಣ್ಣನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಬಿಟ್ಟಮೇಲೆ ಮತ್ತೆ ಬಂತು. ಮತ್ತೆ ಬಿಟ್ಟಳು. ಹಿಂದಿನಿಂದ ಬರುವ ಉಸಿರನ್ನೇ ಕೇಳಿಸಿಕೊಂಡಳು. ಅದು ಒಳಗೆ ಹೋಗುವುದು, ಹೊರಗೆ ಬರುವುದು. ಅಂಗಳದಲ್ಲಿ ಯಾರೋ ಸೌದೆ ಒಡೆಯುತ್ತಿದ್ದರು. ಆ ಸದ್ದು ನಿಂತಿತು. ಕಾಗೆ ಕೂಗಿತು. ಕತ್ತಿನ ಕಡಿತ ಇತ್ತು, ಬಾಯಾರಿಕೆ ಇತ್ತು, ಆದರೆ ಅವೂ ಯಾರದೋ ಎಂಬ ಹಾಗೆ ಸ್ವಲ್ಪ ದೂರದಲ್ಲಿದ್ದವು. ತಲೆಯಲ್ಲಿ ಜಾಗವಾಯಿತು. ಆ ಜಾಗಕ್ಕೆ ಅವಳು ಕರೆಯದೇ ಇದ್ದದ್ದೊಂದು ಬಂತು.

ನೀಲಕಂಠ ಹುಟ್ಟಿದ ವರ್ಷ. ಊರಿಗೆಲ್ಲ ಚಳಿಜ್ವರ. ಹೆತ್ತು ಹದಿನೈದು ದಿನವೂ ಆಗಿರಲಿಲ್ಲ, ಶಿವನಂಜಮ್ಮ ಜ್ವರದಲ್ಲಿ ಬಿದ್ದಳು. ಎದೆಯಲ್ಲಿ ಹಾಲು ಬತ್ತಿತು. ಮಗು ಅಳುವುದು ಎಲ್ಲೋ ಬಾವಿಯ ತಳದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಅದೇ ತಿಂಗಳಲ್ಲಿ ಪುಟ್ಟಮಲ್ಲಮ್ಮನ ಚೊಚ್ಚಲು ಕೂಸು, ಹೆಣ್ಣು, ಹುಟ್ಟಿದ ವಾರಕ್ಕೇ ಅದೇ ಜ್ವರಕ್ಕೆ ಹೋಗಿತ್ತು. ಕೂಸನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ ಸಂಜೆ ನೀಲಕಂಠನ ಅಳು ಇದ್ದಕ್ಕಿದ್ದಂತೆ ನಿಂತದ್ದು ಶಿವನಂಜಮ್ಮನಿಗೆ ಈಗ ಕಿವಿಯಲ್ಲಿ ಕೇಳಿಸಿತು. ಅಳು ನಿಂತಿತು, ಚಪ್ಪರಿಸುವ ಸದ್ದು ಬಂತು. ಮಗು ಬದುಕಿತು. ಮಳೆಗಾಲ ಮುಗಿದು, ಅವಳು ಹಾಸಿಗೆಯಿಂದ ಏಳುವವರೆಗೂ ಅದು ಕುಡಿದದ್ದು ಪುಟ್ಟಮಲ್ಲಮ್ಮನ ಹಾಲನ್ನೇ.

ಆಮೇಲೆ ಶಿವನಂಜಮ್ಮ ಮಗುವನ್ನೆತ್ತಿಕೊಂಡು ನಂಜನಗೂಡಿಗೆ ಹೋಗಿ ನಂಜುಂಡೇಶ್ವರನಿಗೆ ಬೆಳ್ಳಿ ತೊಟ್ಟಿಲು ಒಪ್ಪಿಸಿದಳು. ಕ್ವಿನೈನು ಕೊಟ್ಟ ಡಾಕ್ಟರಿಗೆ ಬಾಳೆಗೊನೆ ಕಳಿಸಿದಳು. ಶಿವನೇ ಉಳಿಸಿಕೊಟ್ಟ ಎಂದು ಬಂದವರಿಗೆಲ್ಲ ಹೇಳಿದಳು. ಪುಟ್ಟಮಲ್ಲಮ್ಮನಿಗೆ ಏನೂ ಹೇಳಲಿಲ್ಲ. ಹೇಳಬೇಕು ಎನ್ನಿಸುತ್ತಿತ್ತು. ಆದರೆ ಮಗು ಅತ್ತಾಗ ಅವಳ ಕಡೆಗೇ ಕೈ ಚಾಚುತ್ತಿತ್ತು, ತಾಯಿ ಎತ್ತಿಕೊಂಡರೆ ಇನ್ನೂ ಜೋರಾಗಿ ಅಳುತ್ತಿತ್ತು. ಆಗ ಶಿವನಂಜಮ್ಮನಿಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಪುಟ್ಟಮಲ್ಲೀ, ನೀರು ತರೋಗು. ಪುಟ್ಟಮಲ್ಲೀ, ರಾಗಿ ಬೀಸು. ಮಗು ಆ ಕಡೆ ಹೊರಳಿದಾಗಲೆಲ್ಲ ಪುಟ್ಟಮಲ್ಲಮ್ಮನಿಗೆ ಒಂದು ಕೆಲಸ ಹುಟ್ಟಿತು. ಮಗು ದೊಡ್ಡದಾಯಿತು, ಮದುವೆಯಾಯಿತು. ಕೆಲಸ ಹೇಳುವುದು ಮಾತ್ರ ನಿಲ್ಲಲೇ ಇಲ್ಲ.

ಪಟ್ಟಿಯ ಕೆಳಗೆ ಕಣ್ಣು ಬಿಸಿಯಾಯಿತು. ಅಳಬಾರದು ಎಂದಿದ್ದ ಡಾಕ್ಟರ ಮಾತು ನೆನಪಾಯಿತು. ಅತ್ತರೆ ಕಣ್ಣು ಹೋಗುತ್ತದೆ. ಕಣ್ಣು ಹೋದರೆ, ಇವಳು ಇಷ್ಟು ರಾತ್ರಿ ಕೂತದ್ದೂ ಹೋಗುತ್ತದೆ. ಶಿವನಂಜಮ್ಮ ಬಾಯಿ ತೆರೆದು ಮೆಲ್ಲಗೆ ಉಸಿರು ಬಿಟ್ಟಳು. ಮತ್ತೆ ಎಳೆದುಕೊಂಡಳು. ಹಿಂದಿನ ಉಸಿರಿಗೆ ತನ್ನ ಉಸಿರನ್ನು ಹೊಂದಿಸಿಕೊಂಡಳು. ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತ್ತು. ಬಾಯಲ್ಲಿ ಮಂತ್ರ ಬರಲಿಲ್ಲ. ಪುಟ್ಟಮಲ್ಲಿ, ಪುಟ್ಟಮಲ್ಲಿ ಎಂದಷ್ಟೇ ಬಂತು. ಅದೂ ಸದ್ದಿಲ್ಲದೆ.

ಎಷ್ಟು ಹೊತ್ತಾಯಿತೋ, ತಲೆಯ ಹಿಂದೆ ಗಡಬಡಿಸಿದ ಸದ್ದಾಯಿತು. ತಣ್ಣನೆಯ ಎರಡು ಕೈ ಬಂದು ಕೆನ್ನೆ ಹಿಡಿದವು.

"ಅಯ್ಯೋ ಶಿವ್ನೇ! ಎಂಗೆ ಮಲಗ್ಬುಟ್ಟೆ ನಾನು? ತಲೆ ಆಡಿಸಿದ್ರಾ ಅಕ್ಕಾ? ನೋವೈತಾ?"

"ಇಲ್ಲ, ಆಡಿಸ್ನಿಲ್ಲ."

"ಕರಿಯೋದಲ್ವಾ? ತುಟಿಯೆಲ್ಲ ಒಣಗೋಗದೆ. ಒಂದ್ಸಲ ಕೂಗಿದ್ರೆ ಎದ್ದೇಳ್ತಿದ್ನಲ್ಲ!"

"ನೀನು ನಿದ್ದೆ ಮಾಡ್ತಿದ್ದೆ, ಬುಡು ಅಂದ್ಕಂಡೆ."

ಪುಟ್ಟಮಲ್ಲಮ್ಮ ಎದ್ದು ಹೋಗಿ ನೀರು ತಂದು, ಚಮಚದಲ್ಲಿ ಕುಡಿಸಿದಳು. ಶಿವನಂಜಮ್ಮ ಕುಡಿದಳು. ನೀರು ತಣ್ಣಗಿತ್ತು. ಹಾಗೆಂದು ಹೇಳಿದಳು. "ತಣ್ಣಗೈತೆ, ಚೆನ್ನಾಗೈತೆ."

ಚಮಚ ಒಂದು ಕ್ಷಣ ಲೋಟದಲ್ಲೇ ನಿಂತಿತು.

"ಜರ ಏನಾದ್ರೂ ಬಂದದಾ ಅಕ್ಕಾ?" ಎಂದು ಪುಟ್ಟಮಲ್ಲಮ್ಮ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಇಲ್ಲ ಕಣೆ. ನೀನು ಉಂಡಾ?"

"ಉಣ್ತೀನಿ."

"ಈಗ್ಲೇ ಓಗಿ ಉಣ್ಣು. ಉಂಡ್ಬುಟ್ಟು ವಸಿ ಮಲಗು. ನಾನು ಎದ್ದಿರ್ತೀನಿ. ರಾತ್ರಿಗೆ ಬೇಕಾದ್ರೆ ಕೂತ್ಕೋ."

ಅಲ್ಲಿಂದ ಮುಂದೆ ಹಗಲು ಪುಟ್ಟಮಲ್ಲಮ್ಮ ಮಲಗಿದಳು, ರಾತ್ರಿ ಕೂತಳು. ಶಿವನಂಜಮ್ಮನಿಗೆ ಒಳಗೆ ಇದ್ದದ್ದನ್ನು ಹೇಳುವುದು ಮಾತ್ರ ಆಗಲಿಲ್ಲ. ಮಲಗಿಕೊಂಡು, ಕಣ್ಣು ಕಟ್ಟಿಕೊಂಡು ಹೇಳುವ ಮಾತಲ್ಲ ಅದು ಎನ್ನಿಸಿತು. ಹುಣಸೆಹಣ್ಣು ದಿನವೂ ನೆನಪಾಗುತ್ತಿತ್ತು, ಅದರ ಪಾಡಿಗೆ ಅದು ಹೋಗುತ್ತಿತ್ತು.

ಪಟ್ಟಿ ಬಿಚ್ಚಿದ ಬೆಳಗ್ಗೆ ಡಾಕ್ಟರು ಬಾಗಿಲಿಗೆ ಕಂಬಳಿ ಕಟ್ಟಿಸಿ ಕೋಣೆಯನ್ನು ಮಬ್ಬು ಮಾಡಿದ್ದರು. ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿ, "ಎಷ್ಟು ಬೆರಳು?" ಎಂದರು.

"ಎರಡು."

"ಈಗ?"

"ನಾಕು. ಬೆಳ್ಳಲ್ಲಿ ಉಂಗುರ ಐತೆ."

ಡಾಕ್ಟರು ನಕ್ಕರು. ಕಣ್ಣಿಗೆ ಹಸಿರು ಬಟ್ಟೆಯ ಮರೆ ಕಟ್ಟಿಕೊಳ್ಳಬೇಕು, ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ಕೂರಬಾರದು ಎಂದು ಷಣ್ಮುಖಪ್ಪ ಪುಟ್ಟಮಲ್ಲಮ್ಮನಿಗೆ ಹೇಳಿದ. ಅದೆಲ್ಲ ಶಿವನಂಜಮ್ಮನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಸಂಜೆ ನೀಲಕಂಠಸ್ವಾಮಿ ಗಾಡಿ ಕಟ್ಟಿಕೊಂಡು ಬರುವವನಿದ್ದ.

ಮಧ್ಯಾಹ್ನ ಪುಟ್ಟಮಲ್ಲಮ್ಮ ಬಟ್ಟೆ ಒಗೆಯಲು ಛತ್ರದ ಹಿಂದಿನ ಬಾವಿಗೆ ಹೊರಟಾಗ ಶಿವನಂಜಮ್ಮನೂ ಗೋಡೆ ಹಿಡಿದುಕೊಂಡು ಬಂದು ಹೊಂಗೆಮರದ ನೆರಳಿನ ಕಲ್ಲಿನ ಮೇಲೆ ಕೂತಳು. ಹಸಿರು ಬಟ್ಟೆಯ ಕೆಳಗಿನಿಂದ ಬೆಳಕು ಅಂಚು ಅಂಚಾಗಿ ಕಾಣುತ್ತಿತ್ತು. ಪೊರೆ ತೆಗೆದ ಕಣ್ಣಿಗೆ ಕನ್ನಡಕ ಬರುವವರೆಗೆ ಎಲ್ಲವೂ ನೀರಿನಲ್ಲಿ ನೋಡಿದ ಹಾಗೆ. ಆದರೂ ಬಣ್ಣ ತಿಳಿಯುತ್ತಿತ್ತು. ಪುಟ್ಟಮಲ್ಲಮ್ಮನ ತಲೆ ಬಿಳಿಯಾಗಿತ್ತು. ಕಪ್ಪೆನ್ನುವುದು ಎಲ್ಲೂ ಇರಲಿಲ್ಲ. ಅದು ಯಾವಾಗ ಹಾಗಾಯಿತೋ ಶಿವನಂಜಮ್ಮನಿಗೆ ಗೊತ್ತಿರಲಿಲ್ಲ.

"ಪುಟ್ಟಮಲ್ಲೀ."

"ಏನಕ್ಕಾ? ನೀರು ಬೇಕಾ?"

"ಏನೂ ಬ್ಯಾಡ. ನೀಲಕಂಠಂಗೆ ಆಲು ಕುಡಿಸಿ ಉಳಿಸ್ದೋಳು ನೀನು. ನಾನು ಇದುವರ್ಗೂ ಒಂದು ಮಾತು ಅಂದಿಲ್ಲ."

ಪುಟ್ಟಮಲ್ಲಮ್ಮ ಬಟ್ಟೆ ಕುಕ್ಕುವುದನ್ನು ನಿಲ್ಲಿಸಿದಳು. ಕಲ್ಲಿನ ಮೇಲಿನ ಸೀರೆಯಿಂದ ನೀರು ಇಳಿಯುತ್ತಿತ್ತು. ಆಮೇಲೆ ಹೇಳಿದಳು:

"ಎದೆ ಕಲ್ಲಾಗಿತ್ತು ಅಕ್ಕಾ. ಆಲು ಕಟ್ಕಂಡು, ರವಿಕೆ ಮುಟ್ಟಂಗಿರ್ನಿಲ್ಲ. ಕೂಸಿಲ್ಲ, ಆಲು ಮಾತ್ರ ಬತ್ತಾನೇ ಐತೆ. ಕೆರೆಗೆ ಓಗ್ಬುಡ್ಲಾ ಅಂತ ಇದ್ದೆ. ಅಷ್ಟೊತ್ಗೆ ಒಳಗಿಂದ ಅವನು ಅತ್ತ. ಓಗಿ ಎತ್ಕಂಡೆ. ಅವನು ಕುಡುದ, ನೋವಿಳೀತು." ಹಿಂಗೈಯಿಂದ ಮೂಗು ಒರೆಸಿಕೊಂಡಳು. "ನಾನು ಅವನ್ನ ಉಳಿಸ್ನೋ, ಅವನು ನನ್ನ ಉಳಿಸ್ನೋ, ಯಾರಿಗ್ಗೊತ್ತು? ನೀವು ಅಳ್ಬೇಡಿ, ಡಾಕ್ಟ್ರು ಏನಂದವ್ರೆ?"

"ಅಳ್ತಾ ಇಲ್ಲ," ಎಂದಳು ಶಿವನಂಜಮ್ಮ. ಅಳುತ್ತಿರಲಿಲ್ಲ. ಆಮೇಲೆ ಕೇಳಿದಳು, "ಆ ಕೂಸಿಗೆ ಏನಂತ ಎಸರಿಟ್ಟಿದ್ದೆ?"

"ಎಸರಿಡಾಕೆ ಮುಂಚೇನೇ ಓಯ್ತಲ್ಲ."

"ಮನಸಲ್ಲಿ ಏನೂ ಅಂದ್ಕಂಡಿರ್ನಿಲ್ವಾ?"

ಬಾವಿಯ ರಾಟೆಯ ಮೇಲೆ ಕೂತಿದ್ದ ಗುಬ್ಬಿ ಹಾರಿಹೋಯಿತು. ಪುಟ್ಟಮಲ್ಲಮ್ಮ ಸೀರೆಯನ್ನು ಮಡಿಸಿ ಹಿಂಡಿದಳು. ಮತ್ತೊಮ್ಮೆ ಹಿಂಡಿದಳು.

"ಪಾರ್ವತಿ ಅಂತ," ಎಂದಳು. "ಇದುವರ್ಗೂ ಯಾರೂ ಕೇಳ್ನಿಲ್ಲ."

"ಪಾರ್ವತಿ," ಎಂದು ಶಿವನಂಜಮ್ಮ ಹೇಳಿದಳು, ಆ ಹೆಸರನ್ನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನೋಡಿಕೊಳ್ಳುವವಳ ಹಾಗೆ. ಆಮೇಲೆ ಕಲ್ಲು ಹಿಡಿದುಕೊಂಡು ನಿಧಾನವಾಗಿ ಎದ್ದಳು.

"ಕೂತ್ಕಳಿ ಅಕ್ಕಾ, ಬಗ್ಬಾರ್ದು, ಭಾರ ಎತ್ಬಾರ್ದು."

"ನಾನೆಲ್ಲಿ ಎತ್ತೀನಿ? ಅದರ ತುದಿ ಇತ್ಲಾಗೆ ಕೊಡು."

ಪುಟ್ಟಮಲ್ಲಮ್ಮ ಸೀರೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ನಡೆದಳು. ಹೊಂಗೆಮರದಿಂದ ಬೇಲಿಯವರೆಗೆ ಸೀರೆ ಬಿಚ್ಚಿಕೊಂಡಿತು. ಗಾಳಿ ಬಂದು ಅದರ ಹೊಟ್ಟೆಯನ್ನು ಉಬ್ಬಿಸಿತು. ಇಬ್ಬರೂ ತಮ್ಮ ತಮ್ಮ ತುದಿಯನ್ನು ಸ್ವಲ್ಪ ಎಳೆದು, ಸಡಿಲ ಬಿಟ್ಟು, ಮತ್ತೆ ಎಳೆದು, ಅದು ಒಣಗುವವರೆಗೂ ಬಿಸಿಲಿನಲ್ಲಿ ಹಿಡಿದುಕೊಂಡು ನಿಂತರು.